ಲಷ್ಕರ್ ಮೊಹಲ್ಲಾದ ಇಡ್ಲಿಯನ್ನು ಹುಳಿ ಮಾಡಿದವನು ನಾನೇ

ಮೈಸೂರಿನ ಹಳೇ ಮೊಹಲ್ಲಾಗಳ ತಿಂಡಿಯ ಬಗ್ಗೆ ಬರೆಯುವವರು, ಈಗೀಗ ಮೊಬೈಲು ಹಿಡಿದು ವಿಡಿಯೋ ಮಾಡುವವರು, ಎಲ್ಲರೂ ಹೋಟೆಲಿಗೆ ಮುಂಬಾಗಿಲಿಂದ ಹೋಗುತ್ತಾರೆ. ನಾನು ಮೂವತ್ತೊಂದು ವರ್ಷ ಹಿಂಬಾಗಿಲಿಂದ ಹೋದೆ. ಗ್ರೈಂಡರ್ ರಿಪೇರಿ ಮಾಡುವುದು, ಸವೆದ ರುಬ್ಬುಗಲ್ಲನ್ನು ಉಳಿಯಿಂದ ಕುಟ್ಟಿ ಮತ್ತೆ ಒರಟು ಮಾಡುವುದು ನನ್ನ ಕೆಲಸವಾಗಿತ್ತು. ಲಷ್ಕರ್ ಮೊಹಲ್ಲಾ, ಮಂಡಿ ಮೊಹಲ್ಲಾ, ಅಗ್ರಹಾರ, ಇಷ್ಟರೊಳಗೆ ನಾನು ಅಂಗಾತ ಮಲಗಿ ಮೋಟರಿನ ಹೊಟ್ಟೆ ನೋಡದ ಅಡುಗೆಮನೆ ಇಲ್ಲವೆಂದೇ ಹೇಳಬೇಕು. ಊರಿನವರು ಇಡ್ಲಿ, ದೋಸೆ, ಒಬ್ಬಟ್ಟು ಎಂದು ಹೆಸರಿಟ್ಟು ತಿನ್ನುವುದನ್ನು ನಾನು ಅದಕ್ಕೂ ಹಿಂದಿನ ದಿನವೇ ನೋಡಿರುತ್ತಿದ್ದೆ.

ಕಳೆದ ವರ್ಷ ಬೆನ್ನು ಕೈಕೊಟ್ಟಿತು. ಐವತ್ತೇಳಕ್ಕೇ ಕೆಲಸ ನಿಲ್ಲಿಸಿ ಶ್ರೀರಾಂಪುರದ ಮನೆಯಲ್ಲಿ ಕೂತಿದ್ದೇನೆ. ಈ ಕೆಲಸಕ್ಕೆ ಹೊಸದಾಗಿ ಬರುತ್ತಿರುವ ಕೆಲವರು ಆಗಾಗ ಫೋನ್ ಮಾಡಿ ಅದು ಹೇಗೆ, ಇದು ಹೇಗೆ ಎಂದು ಕೇಳುತ್ತಾರೆ. ಫೋನಿನಲ್ಲಿ ನಾನು ತಡವರಿಸುತ್ತೇನೆ. ಹೇಳಿದ್ದು ತಪ್ಪಾಗಿ ಯಾರದ್ದಾದರೂ ಮೋಟರು ಸುಟ್ಟುಹೋದರೆ ಎಂಬ ಚಿಂತೆ. ಚಿಂತೆ ನನಗೆ ಹುಟ್ಟಿನಿಂದ ಬಂದದ್ದು. ಬೆಲ್ಟು ಬಿಗಿ ಮಾಡಿ ಬಂದ ಮೇಲೆ ಬನ್ನಿಮಂಟಪದವರೆಗೆ ಸ್ಕೂಟರಿನಲ್ಲಿ ಹೋಗಿ, ಬಿಗಿ ಮಾಡಿದೆನೋ ಇಲ್ಲವೋ ಎಂದು ವಾಪಸು ಬಂದು ಮುಟ್ಟಿ ನೋಡಿ ಹೋದದ್ದು ಎಷ್ಟು ಸಲವೋ. ಆದ್ದರಿಂದ ಹೇಳಬೇಕಾದದ್ದನ್ನು ಬರೆದೇ ಬಿಡುತ್ತಿದ್ದೇನೆ.

ನನಗೆ ಕೆಲಸ ಕಲಿಸಿದವರು ಬಾಷಾ ಸಾಬರು. ಅದಕ್ಕೂ ಮೊದಲು ನಾನು ಮೇಟಗಳ್ಳಿಯ ಒಂದು ಲೇತ್ ಶೆಡ್ಡಿನಲ್ಲಿದ್ದೆ, ಅಳತೆ ಪಟ್ಟಿಯಲ್ಲಿ ಹಿಡಿಯಲಾಗದ ಯಾವುದೂ ಲೋಕದಲ್ಲಿ ಇಲ್ಲ ಎಂದುಕೊಂಡಿದ್ದೆ. ಮೊದಲ ದಿನ ಸಾಬರು ನನ್ನನ್ನು ಒಂದು ದೋಸೆ ಹೋಟೆಲಿಗೆ ಕರೆದುಕೊಂಡು ಹೋದರು. ಗ್ರೈಂಡರು ಸರಿಯಿಲ್ಲ ಎಂದು ಹೇಳಿ ಕಳಿಸಿದ್ದರು. ನಾನು ಚೀಲ ಬಿಚ್ಚಿ ಸ್ಪ್ಯಾನರ್ ತೆಗೆದೆ.

“ಇಡು ಅದನ್ನ,” ಅಂದರು ಸಾಬರು. “ಮೊದ್ಲು ಒಂದು ದೋಸೆ ತಿನ್ನು.”

“ಹೊಟ್ಟೆ ತುಂಬಿದೆ ಸಾಬ್.”

“ನಿನ್ನ ಹೊಟ್ಟೆ ಯಾರು ಕೇಳಿದ್ರಪ್ಪ? ಮಿಷಿನ್‌ಗೆ ಏನಾಗಿದೆ ಅಂತ ದೋಸೆ ಹೇಳ್ತದೆ, ತಿನ್ನು.”

ತಿಂದೆ. ಸಾಬರೂ ತಿಂದರು, ಕಣ್ಣು ಮುಚ್ಚಿ, ಮುಂದಿನ ಹಲ್ಲಿನಲ್ಲಿ. ದೋಸೆಯ ಅಂಚು ಗರಿಗರಿ, ನಡುವೆ ಸಣ್ಣ ಸಣ್ಣ ಗಂಟು. “ಕಲ್ಲು ಚೆನ್ನಾಗಿದೆ. ಹಿಟ್ಟನ್ನ ಗುಂಡಿನ ಕೆಳಗೆ ತಳ್ಳೋ ಹಲಗೆ ಸವೆದಿದೆ,” ಅಂದರು. ಒಳಗೆ ಹೋಗಿ ನೋಡಿದರೆ ಹಲಗೆಯೇ. ನನಗೆ ದೆವ್ವ ಕಂಡಂತಾಯಿತು. ಬರಬರುತ್ತಾ ನನಗೂ ಅದು ಬಂತು. ನಾಲಿಗೆಗೆ ಮರಳಿನಂತೆ ತಾಗಿದರೆ ಕಲ್ಲು ಕುಟ್ಟಿದವನು ತೌಡು ರುಬ್ಬಿ ತೊಳೆದಿಲ್ಲ. ಚಟ್ನಿಯಲ್ಲಿ ಕಪ್ಪು ಎಳೆ ಕಂಡರೆ ಎಣ್ಣೆ ತಡೆಯುವ ಆಯಿಲ್ ಸೀಲು ಹೋಗಿದೆ. ವಡೆ ಕಚ್ಚಿದಾಗ ಒಳಗೆ ಬಿಗಿಯಾಗಿದ್ದರೆ ಕಲ್ಲು ನುಣ್ಣಗಾಗಿದೆ, ಉದ್ದು ಅರೆಯುವ ಬದಲು ಜಾರುತ್ತಿದೆ. ಈ ಮೊಹಲ್ಲಾಗಳ ರುಚಿಯೆಲ್ಲ ನನಗೆ ಹೀಗೆ ರೋಗಗಳ ಪಟ್ಟಿಯಾಗಿಯೇ ಬಾಯಿಪಾಠವಾಯಿತು. ಮದುವೆ ಮನೆಯಲ್ಲಿ ಪಕ್ಕದವರು “ವಡೆ ಹೇಗಿದೆ ಇನ್ನಾಸಪ್ಪ?” ಎಂದರೆ “ಎರಡು ತಿಂಗಳಾಗಿದೆ ಕುಟ್ಟಿಸಿ” ಎಂದುಬಿಡುತ್ತಿದ್ದೆ.

ಒಂದೊಂದು ಕಲ್ಲಿಗೆ ಒಂದೊಂದು ಜಾತಕ. ಇಡ್ಲಿಯ ಉದ್ದಿಗೆ ಸಣ್ಣ ಏಟು, ಒತ್ತೊತ್ತಾಗಿ. ದೋಸೆಯ ಅಕ್ಕಿಗೆ ಕೊಂಚ ಆಳ. ರಂಜಾನ್ ಬಂತೆಂದರೆ ಮಂಡಿ ಮೊಹಲ್ಲಾದಲ್ಲಿ ಹಲೀಮಿನ ಮಸಾಲೆಗೆ ಬೇರೆಯೇ ಕುಟ್ಟು, ಕ್ರಿಸ್‌ಮಸ್ಸಿಗೆ ನಮ್ಮ ಇಗರ್ಜಿಯ ಸುತ್ತಲಿನ ಮನೆಗಳಲ್ಲಿ ಹಂದಿ ಮಾಂಸದ ಮಸಾಲೆ ರುಬ್ಬುವ ಕಲ್ಲುಗಳ ಸಾಲು, ಯುಗಾದಿಗೆ ಅಗ್ರಹಾರದಲ್ಲಿ ಒಬ್ಬಟ್ಟಿನ ಹೂರಣದ್ದು. ಹಬ್ಬ ಯಾರದ್ದಾದರೂ ಬೆನ್ನುನೋವು ನನ್ನದೇ.

ಆ ಹೂರಣದ ಕಲ್ಲಿನಲ್ಲೇ ನನ್ನ ಮೊದಲ ದೊಡ್ಡ ಎಡವಟ್ಟು ನಡೆಯಿತು. ಒಬ್ಬಟ್ಟು ಮಾಡಿ ಮಾರುವ ಅಗ್ರಹಾರದ ಅಜ್ಜಿಯೊಬ್ಬರ ಗುಂಡುಕಲ್ಲು, ಶುಂಠಿ ಬೆಳ್ಳುಳ್ಳಿ ರುಬ್ಬಿ ಹೋಟೆಲುಗಳಿಗೆ ಕೊಡುವ ಅಂಗಡಿಯೊಂದರ ಗುಂಡುಕಲ್ಲು, ಎರಡೂ ಒಂದೇ ದಿನ ಕುಟ್ಟಲು ಬಂದಿದ್ದವು. ಒಂದೇ ಗಾತ್ರ, ಒಂದೇ ಬಣ್ಣ. ಮರೆಯುತ್ತೇನೆಂಬ ಭಯಕ್ಕೆ ನಾಲ್ಕು ಸಲ ಪರೀಕ್ಷಿಸಿ, ನಾಲ್ಕನೆಯ ಸಲ ಅದಲು ಬದಲು ಮಾಡಿದೆ. ಕಲ್ಲನ್ನು ಗೋಣಿಯಲ್ಲಿ ಸುತ್ತಿ ಅಜ್ಜಿಯ ಹೊಸಲಿನ ಹತ್ತಿರ ತಂದಿಟ್ಟೆನಷ್ಟೆ, ಒಳಗಿನಿಂದಲೇ ಅವರ ಮೂಗು ಎಚ್ಚರವಾಯಿತು.

“ಯಾಕಪ್ಪ ಇನ್ನಾಸಪ್ಪ, ನಮ್ಮ ಕಲ್ಲಿಗೆ ನೆಗಡಿ ಆಗಿತ್ತೇನು? ಬೆಳ್ಳುಳ್ಳಿ ಹಚ್ಚಿ ತಂದಿದ್ದೀಯಲ್ಲ?”

ಪುಣ್ಯಕ್ಕೆ ಅದು ಹೊಸಲು ದಾಟಿರಲಿಲ್ಲ. ಅಂದಿನಿಂದ ಪ್ರತಿ ಕಲ್ಲಿನ ತಳದಲ್ಲೂ ಉಳಿಯಿಂದ ಗುರುತು ಹಾಕತೊಡಗಿದೆ. ಹೊಸಬರು ಬಣ್ಣದಲ್ಲಿ ಬರೆಯುತ್ತಾರೆ, ಅದು ಎರಡು ತೊಳೆತಕ್ಕೆ ಅಳಿಸುತ್ತದೆ. ಬೆಳ್ಳುಳ್ಳಿಯ ವಾಸನೆ ಅಳಿಸುವುದಿಲ್ಲ.

ಇನ್ನು ನಾನು ಬರೆಯಲೇಬೇಕೆಂದು ಕೂತ ವಿಷಯ.

ಲಷ್ಕರ್ ಮೊಹಲ್ಲಾದಲ್ಲಿ ಏಳೆಂಟು ಮೇಜಿನ ಒಂದು ಇಡ್ಲಿ ಹೋಟೆಲು. ಯಜಮಾನರು ನಂಜಪ್ಪನವರು. ಇಡ್ಲಿ, ವಡೆ, ಕಾಫಿ, ಇಷ್ಟೇ. ಹನ್ನೊಂದು ಗಂಟೆಗೆ ಬಾಗಿಲು ಬಂದ್. ಅಲ್ಲಿ ಹಿಟ್ಟು ರುಬ್ಬುತ್ತಿದ್ದವರು ಸಿದ್ದಮ್ಮ. ವರುಣದ ಕಡೆಯ ಬೇಸಾಯದ ಮನೆಯವರು, ಗಂಡ ಹೋದ ಮೇಲೆ ಊರಿಗೆ ಬಂದು ಇಪ್ಪತ್ತೆರಡು ವರ್ಷ ಅದೊಂದೇ ಅಡುಗೆಮನೆಯಲ್ಲಿ ಉದ್ದು ರುಬ್ಬಿದವರು. ನೆನೆದ ಬೇಳೆಯೊಂದನ್ನು ಬೆರಳಲ್ಲಿ ಹಿಸುಕಿ “ಇನ್ನೂ ಅರ್ಧ ಗಂಟೆ” ಎಂದರೆ ಅರ್ಧ ಗಂಟೆಯೇ. ಅವರ ಮಗಳು ಆಗ ನರ್ಸಿಂಗ್ ಓದುತ್ತಿದ್ದಳು.

ಒಂದು ದಸರಾಕ್ಕೆ ಮೊದಲು ನಂಜಪ್ಪನವರು ನನ್ನನ್ನು ಕರೆಸಿದರು. “ಜನ ಜಾಸ್ತಿ ಆಗ್ತಾರೆ ಇನ್ನಾಸಪ್ಪ. ಒಂದು ಸಲ ರುಬ್ಬೋ ಹೊತ್ನಲ್ಲಿ ಎರಡು ಸಲ ರುಬ್ಬೋ ಹಾಗೆ ಏನಾದ್ರೂ ಮಾಡಿ.” ಲೇತ್ ಶೆಡ್ಡಿನಿಂದ ಬಂದವನಿಗೆ ಇದು ಹಬ್ಬದೂಟ. ಮೋಟರಿನ ಪುಲ್ಲಿ ಎಂದರೆ ಬೆಲ್ಟು ಓಡುವ ಗಾಲಿ. ಅದು ದೊಡ್ಡದಾದಷ್ಟೂ ಕಲ್ಲು ಜೋರಾಗಿ ತಿರುಗುತ್ತದೆ. ಮೇಟಗಳ್ಳಿಯ ಹಳೇ ಗೆಳೆಯನ ಹತ್ತಿರ ದೊಡ್ಡ ಪುಲ್ಲಿಯೊಂದನ್ನು ಕಡೆಸಿ ತಂದು ಹಾಕಿದೆ. ಗುಂಡು ಗಿರ್ರನೆ ತಿರುಗಿತು. ನಂಜಪ್ಪನವರು ಕೈ ಕುಲುಕಿದರು. ಸಿದ್ದಮ್ಮ ಮಾತ್ರ ಸೊಂಟಕ್ಕೆ ಕೈ ಕೊಟ್ಟು ನೋಡುತ್ತಿದ್ದರು.

“ಇನ್ನಾಸಣ್ಣ, ಇಷ್ಟು ಜೋರಾದ್ರೆ ಕಲ್ಲು ಬಿಸಿ ಆಯ್ತದೆ ಕಣಣ್ಣ.”

“ಕಲ್ಲಿಗೆ ಏನೂ ಆಗಲ್ಲ ಸಿದ್ದಮ್ಮ, ಅದು ಕಲ್ಲು.”

“ಕಲ್ಲಿಗೆ ಏನಾದ್ರೆ ನಂಗೇನು? ಹಿಟ್ಟಿಗೆ ಅಂದೆ ನಾನು.”

ನಾನು ನಕ್ಕು ಚೀಲ ಎತ್ತಿಕೊಂಡೆ. ಬೆಲ್ಟಿನ ಚಿಂತೆಗೆ ಬನ್ನಿಮಂಟಪದಿಂದ ವಾಪಸು ಬರುವವನು, ಈ ಮಾತಿಗೆ ಹಿಂದಿರುಗಿಯೂ ನೋಡಲಿಲ್ಲ. ಚಿಂತೆ ಮಾಡುವವರ ಹಣೆಬರಹವೇ ಅಷ್ಟು, ಮಾಡಬೇಕಾದ ಜಾಗ ಬಿಟ್ಟು ಬೇರೆಲ್ಲ ಕಡೆ ಮಾಡುತ್ತೇವೆ.

ದಸರಾ ಚೆನ್ನಾಗಿ ನಡೆಯಿತು. ಚಳಿಗಾಲದಲ್ಲಂತೂ ಇಡ್ಲಿ ಇನ್ನೂ ಹಗುರ. ಚಳಿಗೆ ಬೇರೆ ಹೋಟೆಲುಗಳ ಹಿಟ್ಟು ಉಬ್ಬದೆ ಕೂತರೆ ಇಲ್ಲಿಯದು ಉಬ್ಬುತ್ತಿತ್ತು. ನಾನು ಪುಲ್ಲಿಯ ಪ್ರತಾಪವನ್ನು ನಾಲ್ಕು ಕಡೆ ಹೇಳಿಕೊಂಡು ತಿರುಗಿದೆ. ಶಿವರಾತ್ರಿ ಕಳೆದು ಬಿಸಿಲೇರಿತು ನೋಡಿ, ಇಡ್ಲಿ ಹುಳಿಯಾಗತೊಡಗಿತು. ಮೊದಲು ಒಂಚೂರು, ಆಮೇಲೆ ಮುಖ ಹಿಂಡುವಷ್ಟು. ಮೇಲೆ ತಗ್ಗು, ಒಳಗೆ ಅಂಟು. ಬೆಳಿಗ್ಗೆ ಆರೂಕಾಲಿಗೆ ಮೊದಲ ಗಿರಾಕಿಯಾಗಿ ಬರುತ್ತಿದ್ದ ರೈಲ್ವೆಯ ನಿವೃತ್ತ ಗಾರ್ಡ್ ರಾಮರಾಯರು ಬರುವುದನ್ನೇ ಬಿಟ್ಟರು. ಅವರ ಹಿಂದೆ ಇನ್ನಷ್ಟು ಜನ.

ಪುಲ್ಲಿ ಹಾಕಿ ಐದಾರು ತಿಂಗಳಾಗಿತ್ತು. ಅದರ ನೆನಪು ಯಾರಿಗಿದೆ? ಇಡ್ಲಿ ಕೆಟ್ಟರೆ ಬೈಗುಳ ರುಬ್ಬುವವರಿಗೆ. ನಂಜಪ್ಪನವರು ಉದ್ದು ಬದಲಿಸಿದರು, ಅಕ್ಕಿ ತರಿ ಬದಲಿಸಿದರು, ಕೊನೆಗೆ ಸಿದ್ದಮ್ಮನನ್ನೇ ಬದಲಿಸುವುದೆಂದು ತೀರ್ಮಾನ ಮಾಡಿದರು. “ವಯಸ್ಸಾಯ್ತು, ಕೈ ಹದ ತಪ್ಪಿದೆ. ಯುಗಾದಿ ಕಳೀಲಿ, ಬೇರೆಯವರನ್ನ ನೋಡ್ತೀನಿ” ಎಂದು ಅವರ ಎದುರಿಗೇ ಹೇಳಿದರಂತೆ.

ಯುಗಾದಿಗೆ ಹತ್ತು ದಿನವಿದ್ದಾಗ ಕಲ್ಲು ಕುಟ್ಟಲು ಹೋದೆ. ಮಧ್ಯಾಹ್ನ, ಸಿದ್ದಮ್ಮ ಉದ್ದು ರುಬ್ಬಿ ಮುಗಿಸುತ್ತಿದ್ದರು. ಎಂದಿನಂತೆ ಮಾತಾಡಿಸಲಿಲ್ಲ. ನಾನು ಸುಮ್ಮನೆ ಹದ ನೋಡೋಣವೆಂದು ಹಿಟ್ಟಿಗೆ ಬೆರಳು ಅದ್ದಿದೆ. ಬೆಚ್ಚಗಿತ್ತು. ಮಗುವಿಗೆ ಎರೆಯುವ ನೀರಿನಷ್ಟು ಬೆಚ್ಚಗೆ. ಹಾಗೆ ಬೆಚ್ಚಗಾದ ಹಿಟ್ಟು ಬೇಸಿಗೆಯಲ್ಲಿ ಬೆಳಗಿನವರೆಗೆ ಕಾಯುತ್ತದೆಯೇ? ಬೇಗ ಉಬ್ಬಿ, ಉಬ್ಬಿದ್ದು ಇಳಿದು, ಹುಳಿಯಾಗಿ ಕೂರುತ್ತದೆ. ನನ್ನ ಕಣ್ಣು ತಾನಾಗಿ ಮೋಟರಿನ ಕಡೆ ಹೋಯಿತು. ನನ್ನ ಪುಲ್ಲಿ ಅಲ್ಲಿ ಮಿರಿಮಿರಿ ಮಿಂಚುತ್ತಿತ್ತು.

ಮೊದಲ ಕೆಲಸ ನೋಡಿದ ದಿನವೇ ಸಾಬರು ಹೇಳಿಕೊಟ್ಟಿದ್ದರು, ಮೊದಲು ತಿನ್ನು ಎಂದು. ಐದಾರು ತಿಂಗಳಲ್ಲಿ ಆ ಹೋಟೆಲಿನ ಒಂದು ಇಡ್ಲಿಯನ್ನಾದರೂ ನಾನು ತಿಂದಿರಲಿಲ್ಲ. ಪುಲ್ಲಿಯ ಗರ್ವಕ್ಕೇ ಹೊಟ್ಟೆ ತುಂಬಿತ್ತು.

ಅಲ್ಲೇ ಹೇಳಬೇಕಿತ್ತು. ಹೇಳಲಿಲ್ಲ. ಕಲ್ಲು ಕುಟ್ಟಿ ಮನೆಗೆ ಬಂದು ಮೂರು ದಿನ ಚಿಂತಿಸಿದೆ. ಒಪ್ಪಿಕೊಂಡರೆ ಮೊಹಲ್ಲಾದ ತುಂಬ ಸುದ್ದಿಯಾಗುತ್ತದೆ, ಯಾರೂ ಕರೆಯುವುದಿಲ್ಲ. ಗುಟ್ಟಾಗಿ ಹಳೇ ಪುಲ್ಲಿ ಹಾಕಿಬಿಟ್ಟರೆ? ಇಡ್ಲಿ ಸರಿಹೋಗುತ್ತದೆ, ಆದರೆ “ಬೈದ ಮೇಲೆ ಸರಿಯಾಗಿ ರುಬ್ಬಿದಳು” ಎಂದು ಸಿದ್ದಮ್ಮನ ತಲೆಗೇ ಸುತ್ತುತ್ತದೆ. ಕೊನೆಗೆ ಶನಿವಾರ ಇಗರ್ಜಿಗೆ ಹೋಗಿ ಪಾಪನಿವೇದನೆಯಲ್ಲಿ ಮಂಡಿಯೂರಿ ಪುಲ್ಲಿಯ ಅಳತೆ ಸಮೇತ ಎಲ್ಲ ಹೇಳಿದೆ. ಫಾದರು ಜಾಲರಿಯ ಹತ್ತಿರ ಬಾಗಿದರು.

“ಇದನ್ನ ದೇವರು ಆಗ್ಲೇ ಕ್ಷಮಿಸಿರ್ತಾನೆ ಇನ್ನಾಸಪ್ಪ. ನೀನು ಹೋಗಿ ಹೋಟ್ಲಿನೋರಿಗೆ ಹೇಳು.”

ಹೋದೆ. ಹನ್ನೊಂದೂವರೆ. ನಂಜಪ್ಪನವರು ಗಲ್ಲಾಪೆಟ್ಟಿಗೆಯ ಮುಂದಿದ್ದರು, ಸಿದ್ದಮ್ಮ ಬೇಳೆ ತೊಳೆಯುತ್ತಿದ್ದರು. ಚೀಲವನ್ನೂ ಕೆಳಗಿಡದೆ ನಿಂತೇ ಹೇಳಿದೆ. “ಯಜಮಾನ್ರೆ, ಇಡ್ಲಿ ಹುಳಿ ಆಗ್ತಿರೋದು ಸಿದ್ದಮ್ಮನಿಂದ ಅಲ್ಲ. ತಪ್ಪು ನನ್ನದು. ನನ್ನ ಪುಲ್ಲಿಯದು.”

ಬೈಯುತ್ತಾರೆ ಎಂದುಕೊಂಡಿದ್ದೆ. ಅವರು ನಕ್ಕರು.

“ಸುಮ್ನಿರ್ರೀ ಇನ್ನಾಸಪ್ಪ. ಮೂವತ್ತು ವರ್ಷದಿಂದ ಹೋಟ್ಲು ನಡೆಸ್ತಿದೀನಿ. ನಲ್ಲಿಯವನು, ಕರೆಂಟಿನವನು, ಸ್ಟವ್ ರಿಪೇರಿಯವನು, ಒಬ್ಬನಾದ್ರೂ ‘ತಪ್ಪು ನಂದು’ ಅಂದಿದ್ದು ಕೇಳಿಲ್ಲ. ನೀವೊಬ್ರು ಎಲ್ಲಿಂದ ಬಂದ್ರಿ? ಸಿದ್ದಮ್ಮ ನಿಮ್ಮ ಹತ್ರ ಅತ್ಲಾ?”

ಒಳಗೆ ಪಾತ್ರೆ ದಡಾರನೆ ಇಟ್ಟ ಸದ್ದು. ಸಿದ್ದಮ್ಮ ಕೈಯಿಂದ ನೀರು ಸುರಿಸಿಕೊಂಡೇ ಹೊರಗೆ ಬಂದರು.

“ನಾ ಯಾಕೆ ಅಳ್ಳಿ ಯಜಮಾನ್ರೆ? ನಾನೇನ್ ಮಾಡ್ಬುಟ್ಟೆ ಅಂತ ಅಳ್ಳಿ? ಇನ್ನಾಸಣ್ಣ, ಅವತ್ತೇ ಯೋಳ್ಲಿಲ್ವಾ ನಿಮ್ಗೆ, ಬಿಸಿ ಆಯ್ತದೆ ಅಂತ? ನಕ್ಬುಟ್ಟು ಓದ್ರಿ. ಈಗ ಬಂದು ನನ್ ಮೇಲೆ ಕರುಣೆ ತೋರುಸ್ತಾವ್ರೆ!”

ಹೀಗೆ, ತಪ್ಪೊಪ್ಪಿಕೊಳ್ಳಲು ಬಂದವನಿಗೆ ಒಬ್ಬರು ಅದು ತಪ್ಪೇ ಅಲ್ಲ ಎನ್ನುತ್ತಾರೆ, ಇನ್ನೊಬ್ಬರು ಒಪ್ಪಿಕೊಂಡದ್ದು ಸಾಲದು ಎನ್ನುತ್ತಾರೆ. ನನಗೆ ಎಲ್ಲಿಲ್ಲದ ರೋಷ ಬಂತು. ಎಂದೂ ಜೋರು ಮಾತಾಡದವನು ಗಲ್ಲಾಪೆಟ್ಟಿಗೆಯ ಮೇಲೆ ಕೈ ಕುಟ್ಟಿಬಿಟ್ಟೆ.

“ತಪ್ಪು ನಂದೇ! ಸಾಬೀತು ಮಾಡ್ತೀನಿ. ಇವತ್ತು ಎರಡು ಪಾತ್ರೆ ರುಬ್ಬೋಣ. ಬೇಳೆ ಒಂದೇ, ತರಿ ಒಂದೇ, ಉಪ್ಪು ಒಂದೇ, ರುಬ್ಬೋ ಕೈಯೂ ಇದೇ ಕೈ. ಒಂದು ನನ್ನ ಪುಲ್ಲಿಯಲ್ಲಿ, ಇನ್ನೊಂದು ಹಳೇದ್ರಲ್ಲಿ. ಬೆಳಿಗ್ಗೆ ನೋಡಿ.”

ನಂಜಪ್ಪನವರು ನನ್ನನ್ನೇ ನೋಡಿದರು. “ಸರಿ. ಆದ್ರೆ ಅಡುಗೆಮನೆ ಬೀಗದ ಕೈ ನನ್ನ ಹತ್ರ ಇರುತ್ತೆ. ನಿಮ್ಮಿಬ್ರನ್ನೂ ನಂಬಲ್ಲ.”

ಆ ಮಧ್ಯಾಹ್ನದ ಕೆಲಸದಷ್ಟು ಶ್ರದ್ಧೆಯಿಂದ ನಾನು ಯಾವ ಕೆಲಸವನ್ನೂ ಮಾಡಿಲ್ಲ. ಕಲ್ಲಿನ ಅಂಚಿಗೆ ಸೀಮೆಸುಣ್ಣದ ಗುರುತು ಹಾಕಿ ಸುತ್ತು ಎಣಿಸಿದೆ. ಈಗಿನವರು ಇದಕ್ಕೂ ಮೊಬೈಲು ಹಿಡಿಯುತ್ತಾರೆ, ಹಿಡಿಯಲಿ, ಲೆಕ್ಕ ಒಂದೇ. ಮೊದಲ ಉದ್ದು ಹೊಸ ಪುಲ್ಲಿಯಲ್ಲಿ ಗಿರ್ರನೆ ಮುಗಿಯಿತು. ಕಲ್ಲು ಪೂರ್ತಿ ತಣ್ಣಗಾಗುವವರೆಗೆ ಕಾದು, ಪುಲ್ಲಿ ಬಿಚ್ಚಿ, ಅವರ ಅಟ್ಟದ ಮೇಲೆ ಬಿದ್ದಿದ್ದ ಹಳೆಯದನ್ನು ಒರೆಸಿ ಹಾಕಿದೆ. ಗುಂಡು ಗುಡು ಗುಡು ಎಂದು ಸೋಮಾರಿಯಾಗಿ ಹೊರಳತೊಡಗಿತು. ಸಿದ್ದಮ್ಮ ಕೈ ಅದ್ದಿದರು, ಹಿಟ್ಟನ್ನು ಮೇಲೆತ್ತಿ ಬಿಟ್ಟರು. ಬೆಣ್ಣೆಯ ಹಾಗೆ ಬಿತ್ತು. ಅವರ ಮುಖದಲ್ಲಿ ಏನೋ ಸಡಿಲವಾಯಿತು, ಆದರೂ ನನ್ನನ್ನು ನೋಡಲಿಲ್ಲ. ತರಿ, ಉಪ್ಪು ಬೆರೆಸಿದ ಮೇಲೆ ಒಂದು ಪಾತ್ರೆಯ ಕಿವಿಗೆ ಕೆಂಪು ದಾರ ಕಟ್ಟಿದೆವು, ಅದು ನನ್ನ ತಪ್ಪಿನ ಪಾತ್ರೆ. ನಂಜಪ್ಪನವರು ಬೀಗ ಹಾಕಿ, ಎರಡು ಸಲ ಎಳೆದು ನೋಡಿ, ಬೀಗದ ಕೈಯನ್ನು ಜೇಬಿಗೆ ಹಾಕಿಕೊಂಡರು.

ಬೆಳಿಗ್ಗೆ ಐದೂವರೆಗೇ ನಾನು ಬಾಗಿಲ ಮುಂದೆ ಇದ್ದೆ. ಸಿದ್ದಮ್ಮ ನನಗಿಂತ ಮೊದಲೇ ಬಂದು ಮೆಟ್ಟಿಲ ಮೇಲೆ ಕೂತಿದ್ದರು. ಎರಡೂ ಹಿಟ್ಟು ಚೆನ್ನಾಗಿಯೇ ಇದ್ದುಬಿಟ್ಟರೆ ಎಂಬ ಚಿಂತೆ ನನ್ನನ್ನು ತಿನ್ನುತ್ತಿತ್ತು. ತನ್ನ ಕೆಲಸ ಕೆಟ್ಟಿರಲಿ ದೇವರೇ ಎಂದು ಹರಕೆ ಹೊತ್ತ ಮೆಕ್ಯಾನಿಕ್ ಮೈಸೂರಿನಲ್ಲಿ ನಾನೊಬ್ಬನೇ ಇರಬೇಕು.

ನಂಜಪ್ಪನವರು ಬೀಗ ತೆಗೆದರು. ಕೆಂಪು ದಾರದ ಪಾತ್ರೆಯ ಮುಚ್ಚಳ ಎತ್ತಿದರೆ ಗಪ್ಪೆಂದು ಹುಳಿ ವಾಸನೆ. ಹಿಟ್ಟು ಅಂಚಿನವರೆಗೆ ಏರಿ, ಅಲ್ಲಿ ಗೆರೆ ಬಿಟ್ಟು, ನಡುವೆ ಕುಸಿದು ಕೂತಿತ್ತು. ಇನ್ನೊಂದರ ಮುಚ್ಚಳ ತೆಗೆದರು. ಗುಮ್ಮಟದ ಹಾಗೆ ತುಂಬಿಕೊಂಡು, ಮೇಲೆ ಸಣ್ಣ ಗುಳ್ಳೆ, ಹಸೀ ಉದ್ದಿನ ಹಿತವಾದ ವಾಸನೆ. ನಂಜಪ್ಪನವರು ಎರಡನ್ನೂ ಬೇರೆ ಬೇರೆ ತಟ್ಟೆಯಲ್ಲಿ ಹುಯ್ಯಿಸಿ, ಬೇಯಿಸಿ, ರಾಮರಾಯರಿಗೆ ಫೋನ್ ಮಾಡಿ ಬರಹೇಳಿದರು.

ರಾಮರಾಯರು ಮಫ್ಲರ್ ಸುತ್ತಿಕೊಂಡು ಬಂದರು. “ಕರೆಸಿದ್ದೀರಿ, ತಿಂಡಿಗೋ ಔಷಧಿಗೋ?” ಎಂದು ಕೂತರು. ಯಾವುದು ಯಾವುದೆಂದು ಅವರಿಗೆ ಹೇಳಿರಲಿಲ್ಲ. ಮೊದಲ ತಟ್ಟೆಯಿಂದ ಒಂದು ಚೂರು ಬಾಯಿಗಿಟ್ಟು ತಟ್ಟೆಯನ್ನು ದೂರ ಸರಿಸಿದರು. ಎರಡನೆಯದರಿಂದ ಒಂದು ಚೂರು. ಇನ್ನೊಂದು ಚೂರು. ಇಡ್ಲಿ ಮುಗಿಯಿತು. ಇನ್ನೊಂದಕ್ಕೆ ಕೈ ಹಾಕಿದರು.

“ಹೇಳಿ ರಾಯರೇ,” ಅಂದರು ನಂಜಪ್ಪನವರು.

“ಬಾಯಲ್ಲಿ ಇಡ್ಲಿ ಇದ್ದಾಗ ಮಾತಾಡಿಸ್ಬೇಡ್ರೀ. ತಿಂಗ್ಳಾಯ್ತು ತಿಂದು.”

ನಾನು ಗೆದ್ದಿದ್ದೆ! ನನ್ನ ತಪ್ಪು ತಪ್ಪೇ ಎಂದು ಲಷ್ಕರ್ ಮೊಹಲ್ಲಾದಲ್ಲಿ ಸಾಬೀತಾಗಿತ್ತು. ಆ ದಿನದಷ್ಟು ಎದೆ ಉಬ್ಬಿಸಿ ನಾನು ಎಂದೂ ನಿಂತಿಲ್ಲ. ಹೆದರಿದ ಹಾಗೆಯೇ ಸುದ್ದಿ ಎರಡೇ ದಿನದಲ್ಲಿ ಮಂಡಿ ಮೊಹಲ್ಲಾ ದಾಟಿ ಅಗ್ರಹಾರ ಮುಟ್ಟಿತು. ಆದರೆ ಕರೆಗಳು ನಿಲ್ಲಲಿಲ್ಲ. “ಇನ್ನಾಸಪ್ಪನವ್ರೇ, ನಮ್ಮ ಗ್ರೈಂಡರಲ್ಲೂ ಏನಾದ್ರೂ ತಪ್ಪು ಮಾಡಿದ್ದೀರಾ? ಒಂದ್ಸಲ ಬಂದು ನೋಡಿ” ಎಂದು ಹೊಸದಾಗಿ ನಾಲ್ಕು ಹೋಟೆಲಿನವರು ಕರೆದರು. ಅವರಲ್ಲಿ ಇಬ್ಬರ ಗ್ರೈಂಡರನ್ನು ನಾನು ಅದಕ್ಕೂ ಮೊದಲು ಮುಟ್ಟಿಯೇ ಇರಲಿಲ್ಲ.

ಹೊಸಬರೇ, ಪುಲ್ಲಿ, ಬೆಲ್ಟು, ಮೋಟರು ಎಲ್ಲ ನಿಮಗೆ ನನಗಿಂತ ಚೆನ್ನಾಗಿ ಬರುತ್ತದೆ. ಈಗಿನ ಗ್ರೈಂಡರು ಬಗ್ಗುತ್ತದೆ, ತಾನೇ ಹಿಟ್ಟು ಸುರಿಯುತ್ತದೆ. ಆದರೆ ಹಿಟ್ಟಿನಲ್ಲಿ ದಿನವೂ ಕೈಯಿಟ್ಟವರು ಏನಾದರೂ ಹೇಳಿದರೆ ಚೀಲ ಕೆಳಗಿಡಿ. ಆ ದಿನದ ಮೇಲೆ ನಾನು ಯಾವ ಅಡುಗೆಮನೆಗೆ ಹೋದರೂ ಮೊದಲು ಅಲ್ಲಿಯ ತಿಂಡಿ ತಿನ್ನುತ್ತಿದ್ದೆ, ಆಮೇಲೆ ರುಬ್ಬುವವರನ್ನು ಕೇಳುತ್ತಿದ್ದೆ, ಯಜಮಾನರನ್ನು ಕೊನೆಗೆ.

ಆ ಬೆಳಿಗ್ಗೆ ಇನ್ನೊಂದು ನಡೆಯಿತು. ರಾಮರಾಯರು ನಾಲ್ಕನೆಯ ಇಡ್ಲಿಗೆ ಕೈ ಹಾಕಿದಾಗ ನಂಜಪ್ಪನವರು ಅಡುಗೆಮನೆಯ ಬಾಗಿಲಿಗೆ ಹೋದರು. ಇಪ್ಪತ್ತೆರಡು ವರ್ಷದಲ್ಲಿ ಸಿದ್ದಮ್ಮ ಆ ಬಾಗಿಲು ದಾಟಿ ಮುಂದಿನ ಹಾಲಿನ ಮೇಜಿಗೆ ಕೂತದ್ದಿಲ್ಲ.

“ಬಾಮ್ಮ, ಕೂತ್ಕೋ ಇಲ್ಲಿ,” ಅಂದರು.

“ಬುಡಿ ಯಜಮಾನ್ರೆ, ಕೆಲ್ಸ ಅದೆ.”

“ಕೆಲ್ಸ ಎಲ್ಲೂ ಓಡೋಗಲ್ಲ. ಯುಗಾದಿ ಆದ್ಮೇಲೂ ನಿಂದೇ, ಅದರ ಮುಂದಿನ ಯುಗಾದಿಗೂ ನಿಂದೇ. ತಪ್ಪು ಮಾತಾಡ್ಬಿಟ್ಟೆ ನಾನು. ಕೂತ್ಕೋ.”

ಸಿದ್ದಮ್ಮ ಸೆರಗಿಗೆ ಕೈ ಒರೆಸಿಕೊಂಡು ಕುರ್ಚಿಯ ಅಂಚಿಗೆ ಕೂತರು. ನಂಜಪ್ಪನವರು ತಾವೇ ಎರಡು ಇಡ್ಲಿ, ಚಟ್ನಿ ತಂದು ಮುಂದಿಟ್ಟರು. ಸಿದ್ದಮ್ಮ ಇಡ್ಲಿ ಮುರಿದು ಬಾಯಿಗಿಟ್ಟರು, ನಿಧಾನವಾಗಿ ಅಗಿದರು. ನಾವು ಮೂವರೂ ಅವರ ಬಾಯನ್ನೇ ನೋಡುತ್ತಿದ್ದೆವು. ಅವರು ನುಂಗಿ, ತಟ್ಟೆಯನ್ನೊಮ್ಮೆ ನೋಡಿ, ತಲೆಯೆತ್ತಿದರು.

“ಉಪ್ಪು ಒಂಚೂರು ಕಮ್ಮಿ ಆಗದೆ ಕಣ್ರೀ,” ಅಂದರು. ಆಮೇಲೆ ನನ್ನ ಕಡೆ ತಿರುಗಿ, ಅಷ್ಟು ದಿನದಲ್ಲಿ ಮೊದಲ ಸಲ ನಕ್ಕರು. “ಇದು ನಂದೇ ತಪ್ಪು ಇನ್ನಾಸಣ್ಣ. ಇದ್ಕೆ ಮಾತ್ರ ನೀವು ಕೈ ಆಕ್ಬೇಡಿ.”